ಹಳೇ ಸ್ಕೋರ್ ಪಟ್ಟಿ ಹಿಡಿದು ಬ್ರೂಕ್ಲಿನ್ ಬೇಸ್‌ಬಾಲ್ ಕ್ಲಬ್‌ಗಳ ಹಿಂದೆ

ಹುಬ್ಬಳ್ಳಿಯಲ್ಲಿದ್ದಾಗ ನಾನು ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಸ್ಕೋರ್ ಬರೆಯುತ್ತಿದ್ದೆ. ಇನಿಂಗ್ಸ್ ಮುಗಿದ ಮೇಲೆ ಬ್ಯಾಟಿಂಗ್ ಕಡೆಯ ಲೆಕ್ಕಕ್ಕೂ ಬೌಲಿಂಗ್ ಕಡೆಯ ಲೆಕ್ಕಕ್ಕೂ ತಾಳೆ ಆಗಲೇಬೇಕು. ಆಗದಿದ್ದರೆ ನಾನು ಚಹಾಕ್ಕೂ ಏಳುತ್ತಿರಲಿಲ್ಲ. ಆ ಅಭ್ಯಾಸ ಮುಂದೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂತು.

ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಗ್ರೀನ್‌ವುಡ್ ಸ್ಮಶಾನಕ್ಕೆ ಹೋಗಿದ್ದೆ. ಗುಡ್ಡ, ಮರ, ಕೆರೆ ಎಲ್ಲ ಇರುವ ಜಾಗ. ಜನ ಅಲ್ಲಿಗೆ ಸುಮ್ನೆ ಅಡ್ಡಾಡಲೂ ಹೋಗುತ್ತಾರೆ. ಅಲ್ಲಿ ಜಿಮ್ ಕ್ರೈಟನ್ ಎಂಬ ಬೇಸ್‌ಬಾಲ್ ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಸಮಾಧಿ ಇದೆ. 1862ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವನಿಗೆ ಬರೀ 21 ವರ್ಷ. ಕಲ್ಲಿನ ಮೇಲೆ ಅಡ್ಡಡ್ಡ ಇಟ್ಟ ಬ್ಯಾಟುಗಳು, ಒಂದು ಟೋಪಿ, ಒಂದು ಬೇಸ್, ಅವನ ಕ್ಲಬ್ ಎಕ್ಸೆಲ್ಸಿಯರ್‌ನ ಹೆಸರು. ಜೊತೆಗೆ ಒಂದು ಸ್ಕೋರ್ ಪುಸ್ತಕವನ್ನೂ ಕೆತ್ತಿದ್ದಾರೆ. ಅದನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಅದೇ ಸ್ಮಶಾನದಲ್ಲಿ ಹೆನ್ರಿ ಚಾಡ್ವಿಕ್ ಕೂಡ ಇದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದು, ಆಮೇಲೆ ಬೇಸ್‌ಬಾಲ್ ಅಂಕಿಅಂಶಕ್ಕೆ ಒಂದು ರೂಪ ಕೊಟ್ಟವರು. ಕ್ರಿಕೆಟ್ ಸ್ಕೋರರ್ ಒಬ್ಬನಿಗೆ ಇಷ್ಟು ಸಾಕಲ್ವಾ? ಮರುವಾರವೇ ಕೂತು ಹುಡುಕಲು ಶುರು ಮಾಡಿದೆ.

ನನಗೆ ಬೇಕಾಗಿದ್ದು ಸರಳ ವಿಷಯ. 1850ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ಯಾವ ಯಾವ ಬೇಸ್‌ಬಾಲ್ ಕ್ಲಬ್ ಇದ್ದವು, ಅವುಗಳಲ್ಲಿ ಆಡುತ್ತಿದ್ದವರು ಯಾರು? ಆಗ ಬ್ರೂಕ್ಲಿನ್ ಬೇರೆಯೇ ನಗರ. ನ್ಯೂಯಾರ್ಕ್ ಜೊತೆ ಸೇರಿದ್ದು 1898ರಲ್ಲಿ. ಊರಿನ ದಿನಪತ್ರಿಕೆ ಬ್ರೂಕ್ಲಿನ್ ಡೈಲಿ ಈಗಲ್‌ನ ಹಳೇ ಸಂಚಿಕೆಗಳನ್ನು ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯದವರು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ. ಮೊದಲ ದಿನ ಬೇಸ್‌ಬಾಲ್ ಅಂತ ಒಂದೇ ಪದವಾಗಿ ಟೈಪ್ ಮಾಡಿದೆ. ಏನೂ ಸಿಗಲಿಲ್ಲ. ಆ ಕಾಲದಲ್ಲಿ ಅದನ್ನು ಬೇಸ್, ಬಾಲ್ ಎಂದು ಬಿಡಿಸಿ ಬರೆಯುತ್ತಿದ್ದರು. ಬಿಡಿಸಿ ಹಾಕಿದೆ ನೋಡಿ, ಪುಟದ ಮೇಲೆ ಪುಟ ತೆರೆದುಕೊಂಡಿತು.

ಆಗಿನ ಸ್ಕೋರ್ ಪಟ್ಟಿ ತುಂಬಾ ಚಿಕ್ಕದು. ಒಂಬತ್ತು ಹೆಸರು, ಪಕ್ಕದಲ್ಲಿ ಎರಡು ಅಂಕಣ. ಒಂದರ ಮೇಲೆ ಎಚ್.ಎಲ್., ಇನ್ನೊಂದರ ಮೇಲೆ ರನ್ಸ್. ಎಚ್.ಎಲ್. ಅಂದರೆ ಹ್ಯಾಂಡ್ಸ್ ಲಾಸ್ಟ್, ಅಂದರೆ ಆ ಆಟಗಾರ ಎಷ್ಟು ಸಲ ಔಟ್ ಆದ ಅನ್ನುವ ಲೆಕ್ಕ. ಸ್ಕ್ಯಾನ್ ಮಸುಕಾಗಿದ್ದರೆ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಇಲ್ಲಿ ಹುಬ್ಬಳ್ಳಿಯ ಅಭ್ಯಾಸ ಕೈಹಿಡಿಯಿತು. ಬೇಸ್‌ಬಾಲ್‌ನಲ್ಲಿ ಇನಿಂಗ್ಸ್‌ಗೆ ಮೂರು ಔಟ್, ಒಂದೊಂದು ತಂಡಕ್ಕೂ ಒಂಬತ್ತು ಇನಿಂಗ್ಸ್. ಆಗೆಲ್ಲ ಗೆದ್ದ ತಂಡವೂ ತನ್ನ ಒಂಬತ್ತನೇ ಇನಿಂಗ್ಸ್ ಆಡಿಯೇ ಮುಗಿಸುತ್ತಿತ್ತು. ಹಾಗಾಗಿ ಎಚ್.ಎಲ್. ಅಂಕಣ ಕೂಡಿದರೆ ಎರಡೂ ಕಡೆ 27 ಬರಬೇಕು. 22 ಬಂತು ಅಂದರೆ ಎಲ್ಲೋ 8 ಅನ್ನು 3 ಎಂದು ಓದಿದ್ದೇನೆ ಅಂತ ಅರ್ಥ. 21 ಬಂದರೆ ಬಹುಶಃ ಕತ್ತಲಾಗಿ ಏಳು ಇನಿಂಗ್ಸ್‌ಗೇ ಆಟ ನಿಲ್ಲಿಸಿದ್ದಾರೆ, ವರದಿ ಓದಬೇಕು. ಒಂದು ವಿಷಯ ನೆನಪಿರಲಿ: ಒಂಬತ್ತು ಇನಿಂಗ್ಸ್ ಬಂದಿದ್ದು 1857ರಲ್ಲಿ ಕ್ಲಬ್‌ಗಳೆಲ್ಲ ಸೇರಿ ನಡೆಸಿದ ಸಭೆಯ ನಂತರ. ಅದಕ್ಕೂ ಮೊದಲು 21 ರನ್ ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ಗೆಲುವು. ರನ್‌ಗೆ ಆಗ 'ಏಸ್' ಅನ್ನುತ್ತಿದ್ದರು. ಆ ಪಟ್ಟಿಗಳಿಗೆ ಈ ಲೆಕ್ಕ ನಡೆಯುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳುತ್ತೇನೆ. ಒಂದೊಂದು ಕ್ಲಬ್‌ಗೂ ಮೊದಲ ತಂಡ, ಎರಡನೇ ತಂಡ ಅಂತ ಇರುತ್ತಿದ್ದವು. ಆಟ ಅಷ್ಟೇನೂ ಬಾರದ ಸದಸ್ಯರಿಗೆ 'ಮಫಿನ್' ಎಂಬ ಹೆಸರಿತ್ತು, ಅವರಿಗೂ ಪ್ರತ್ಯೇಕ ಪಂದ್ಯ. ತಲೆಬರಹದಲ್ಲಿ ಕ್ಲಬ್ ಹೆಸರು ನೋಡಿದ್ದೇ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಎರಡು ತಿಂಗಳ ಕೆಲಸ ಮತ್ತೆ ಮಾಡಬೇಕಾಯಿತು. ಈಗ ವರದಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದದೆ ಒಂದು ಹೆಸರನ್ನೂ ಬರೆದುಕೊಳ್ಳುವುದಿಲ್ಲ.

ಹೆಸರು ಸಿಕ್ಕ ಮೇಲೆ ಮನುಷ್ಯನನ್ನು ಹುಡುಕಬೇಕು. ಅದಕ್ಕೆ ನಗರದ ಡೈರೆಕ್ಟರಿ. ಹೆಸರು, ಕಸುಬು, ಮನೆ ವಿಳಾಸ, ಅಷ್ಟೇ ಒಂದು ಸಾಲು. ಬಾಡಿಗೆ ಮನೆಗಳ ಕರಾರು ಮೇ 1ಕ್ಕೆ ಮುಗಿಯುತ್ತಿತ್ತು, ಅರ್ಧ ಊರು ಅದೇ ದಿನ ಮನೆ ಬದಲಿಸುತ್ತಿತ್ತು. ಹಾಗಾಗಿ ಒಂದೇ ವರ್ಷದ ಡೈರೆಕ್ಟರಿ ಸಾಲದು, ಹಿಂದಿನದು ಮುಂದಿನದು ಎರಡನ್ನೂ ತೆಗೆದಿಟ್ಟುಕೊಳ್ಳಿ.

ಹೀಗೆ ಹುಡುಕುವಾಗ ನನಗೆ ಅತಿ ಹೆಚ್ಚು ಪ್ರೀತಿ ಹುಟ್ಟಿದ್ದು ಎಕ್‌ಫರ್ಡ್ ಕ್ಲಬ್ ಮೇಲೆ. 1855ರಲ್ಲಿ ಶುರುವಾಯಿತು, ಹೆಸರು ಹಡಗು ಕಟ್ಟುತ್ತಿದ್ದ ಹೆನ್ರಿ ಎಕ್‌ಫರ್ಡ್ ಅವರದು. ಆಡುತ್ತಿದ್ದವರು ಹಡಗುಕಟ್ಟೆಯ ಬಡಗಿಗಳು, ಮೆಕ್ಯಾನಿಕ್‌ಗಳು. ವಾರಕ್ಕೆ ಒಂದೇ ಸಲ ಅಭ್ಯಾಸ, ಅದಕ್ಕಿಂತ ಜಾಸ್ತಿ ಬಿಡುವಿರಲಿಲ್ಲ. ಇದಕ್ಕೂ ಹತ್ತು ವರ್ಷ ಮೊದಲು, 1845ರ ಸೆಪ್ಟೆಂಬರ್ 23ರಂದು ನದಿಯಾಚೆ ನ್ಯೂಯಾರ್ಕ್‌ನಲ್ಲಿ ನಿಕರ್‌ಬಾಕರ್ ಕ್ಲಬ್ ಶುರುವಾಗಿತ್ತು. ಅವರು ಆಡಲು ದೋಣಿ ಹತ್ತಿ ಹೊಬೋಕೆನ್‌ನ ಎಲಿಶಿಯನ್ ಫೀಲ್ಡ್ಸ್ ಮೈದಾನಕ್ಕೆ ಹೋಗುತ್ತಿದ್ದರು. ಕ್ಲಬ್‌ನ ದಾಖಲೆ ಪುಸ್ತಕಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಬೇಸ್‌ಬಾಲ್ ಹುಟ್ಟಿನ ಕಥೆ ಹೇಳುವವರು ಸಾಮಾನ್ಯವಾಗಿ ನಿಕರ್‌ಬಾಕರ್‌ನಲ್ಲೇ ನಿಂತುಬಿಡುತ್ತಾರೆ. ಆಟವನ್ನು ಊರಿನ ಆಟ ಮಾಡಿದ್ದು ಮಾತ್ರ ಎಕ್‌ಫರ್ಡ್, ಅಟ್ಲಾಂಟಿಕ್, ಪುಟ್ನಂ ಥರದ ಬ್ರೂಕ್ಲಿನ್ ಕ್ಲಬ್‌ಗಳು ಅಂತ ಈಗ ನಾನು ಧೈರ್ಯವಾಗಿ ಹೇಳುತ್ತೇನೆ.

ಒಂದು ದಿನ 1862ರ ಅಕ್ಟೋಬರ್‌ನ ಈಗಲ್ ಓದುತ್ತಿದ್ದೆ. ಅನ್‌ನೋನ್ ಮತ್ತು ಮಾನಿಟರ್ ಎಂಬ ಎರಡು ಕ್ಲಬ್‌ಗಳ ಪಂದ್ಯದ ವರದಿ. ಎರಡೂ ಕಪ್ಪು ಜನರ ಕ್ಲಬ್. ಅನ್‌ನೋನ್ ವೀಕ್ಸ್‌ವಿಲ್‌ನದು. ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬಗಳು ಸ್ವಂತ ಜಮೀನು ಕೊಂಡು ಕಟ್ಟಿದ ಹಳ್ಳಿ ಅದು. ತಲೆಬರಹದಲ್ಲಿ ಅವಹೇಳನ ಇತ್ತು. ಓದಿ ಮನಸ್ಸಿಗೆ ಬಹಳ ನೋವಾಯಿತು. ಆದರೂ ಕೆಳಗೆ ಎಲ್ಲರದ್ದರಂತೆಯೇ ಸ್ಕೋರ್ ಪಟ್ಟಿ, ಸಾಲಾಗಿ ಆಟಗಾರರ ಹೆಸರು. ಈ ಅನ್‌ನೋನ್ ತಂಡ 1859ರ ನವೆಂಬರ್‌ನಲ್ಲೇ ಹತ್ತಿರದ ಜಮೈಕಾ ಎಂಬ ಊರಿನ (ಜಮೈಕಾ ದೇಶ ಅಲ್ಲ) ಹೆನ್ಸನ್ ಕ್ಲಬ್ ಎದುರು ಆಡಿ 54-43ರಲ್ಲಿ ಸೋತಿತ್ತು. ಕಪ್ಪು ಜನರ ಕ್ಲಬ್‌ಗಳ ನಡುವೆ ನಡೆದು ಈವರೆಗೆ ದಾಖಲೆ ಸಿಕ್ಕಿರುವ ತೀರಾ ಹಳೆಯ ಪಂದ್ಯಗಳಲ್ಲಿ ಅದೂ ಒಂದು. 1867ರಲ್ಲಿ ಆಟಗಾರರ ರಾಷ್ಟ್ರೀಯ ಸಂಘ ಇಂಥ ಕ್ಲಬ್‌ಗಳಿಗೆ ಬಾಗಿಲು ಮುಚ್ಚಿತು.

ಆ ಹೆಸರುಗಳನ್ನು ನನ್ನ ಪುಸ್ತಕದಲ್ಲಿ ಎಕ್ಸೆಲ್ಸಿಯರ್ ಇರುವ ಪುಟದ ಮಗ್ಗುಲಲ್ಲೇ ಬರೆದುಕೊಂಡೆ. ಪತ್ರಿಕೆ ಕೊಟ್ಟಿರುವುದು ಬಹುತೇಕ ಮನೆತನದ ಹೆಸರಷ್ಟೇ. ವೀಕ್ಸ್‌ವಿಲ್‌ನ ಹಂಟರ್‌ಫ್ಲೈ ರಸ್ತೆಯಲ್ಲಿ ಆ ಕಾಲದ ಮನೆಗಳು ಕೆಲವು ಉಳಿದಿವೆ, ಹೋಗಿ ನೋಡಿ ಬಂದೆ. ಈಗ ಡೈರೆಕ್ಟರಿಯಲ್ಲಿ ಸ್ಮಿತ್‌ಗಳನ್ನು, ಜಾನ್ಸನ್‌ಗಳನ್ನು ಒಬ್ಬೊಬ್ಬರಾಗಿ ತಾಳೆ ನೋಡುತ್ತಿದ್ದೇನೆ. 1861ರ ಸಂಪುಟ ಅರ್ಧ ಮುಗಿದಿದೆ.