ಮೊದಲು ಡೋಲು, ಆಮೇಲೆ ಸಿನಿಮಾ

ಲಿಸ್ಬನ್‌ಗೆ ಬಂದ ಎರಡನೇ ವರ್ಷ, ಆಫೀಸಿನ ಬೇಸರ ಕಳೆಯಲೆಂದು ಬ್ರೆಜಿಲ್‌ನವರ ತಾಳವಾದ್ಯದ ತಂಡವೊಂದಕ್ಕೆ ಸೇರಿಕೊಂಡೆ. ನನ್ನ ಪಾಲಿಗೆ ಬಂದದ್ದು ಅಗೊಗೊ. ಎರಡು ಕಬ್ಬಿಣದ ಗಂಟೆ, ಒಂದು ಕೋಲು, ಅಷ್ಟೇ. ಹೊಸಬನಿಗೆ ಸುಲಭದ್ದು ಕೊಟ್ಟಿದ್ದಾರೆ ಅಂದುಕೊಂಡೆ. ಆ ಗಂಟೆ ಒಂದು ಏಟು ಜಾರಿದರೆ ಮೂರು ಡೋಲೂ ದಾರಿ ತಪ್ಪುತ್ತವೆ ಎಂದು ತಿಳಿಯುವಷ್ಟರಲ್ಲಿ ಸಾಕಷ್ಟು ಬೈಸಿಕೊಂಡಿದ್ದೆ.

ಬೈಯುತ್ತಿದ್ದವರು ಬ್ರೆಜಿಲ್‌ನ ಸಾಲ್ವದೋರ್ ಊರಿನವರು, ನಮ್ಮ ಗುರು. ಎಲ್ಲರೂ ಅವರನ್ನು ‘ಮೆಸ್ತ್ರಿ’ ಅನ್ನುತ್ತಿದ್ದರು. ಪೋರ್ಚುಗೀಸರಿಂದ ನಮಗೆ ಬಂದ ‘ಮೇಸ್ತ್ರಿ’ ಇದೇ ಪದ. ನನಗೆ ಕರೆಯಲು ಕಷ್ಟವೇ ಆಗಲಿಲ್ಲ.

ಡಿಸೆಂಬರ್ 4 ಸಂತ ಬಾರ್ಬರಾಳ ಹಬ್ಬ. ಅಂದು ಸಾಲ್ವದೋರ್‌ನಲ್ಲಿ ಜನ ಕೆಂಪು ಬಟ್ಟೆ ಉಟ್ಟು ಬೀದಿಗಿಳಿಯುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು-ಮೊಮ್ಮಕ್ಕಳು ಗುಡುಗು ಮಿಂಚಿನ ಆ ಸಂತಳಲ್ಲಿ ತಮ್ಮ ಬಿರುಗಾಳಿಯ ದೇವತೆ ಇಯಾನ್ಸಾಳನ್ನೇ ಕಂಡರು. ಆ ಹೊತ್ತಿಗೆ ಒಂದು ಸಂಜೆ ಮಾಡೋಣ, ಸಂಗೀತದ ಜೊತೆ ‘ಓ ಪಗಾದೋರ್ ದಿ ಪ್ರೊಮೆಸಾಸ್’ ತೋರಿಸೋಣ ಅಂದದ್ದು ನಾನು. 1962ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದ ಕಪ್ಪುಬಿಳುಪು ಚಿತ್ರ ಅದು. ಹೆಸರಿನ ಅರ್ಥವೇ ‘ಹರಕೆ ತೀರಿಸುವವ’. ಕತ್ತೆ ಬದುಕಿದರೆ ಶಿಲುಬೆ ಹೊತ್ತು ಬರುತ್ತೇನೆ ಅಂತ ಒಬ್ಬ ರೈತ ಹರಕೆ ಹೊರುತ್ತಾನೆ. ಹೊತ್ತದ್ದು ಇಯಾನ್ಸಾಳ ಮುಂದೆ, ತೀರಿಸಲು ಬರುವುದು ಸಂತ ಬಾರ್ಬರಾಳ ಚರ್ಚಿಗೆ. ಪಾದ್ರಿ ಬಾಗಿಲು ತೆಗೆಯುವುದಿಲ್ಲ. ಚಿತ್ರದ ಬಹುಪಾಲು ನಡೆಯುವುದು ಚರ್ಚಿನ ಮೆಟ್ಟಿಲ ಮೇಲೆ.

ಮೊದಲ ವರ್ಷ ಸಿನಿಮಾ ಮೊದಲು ಇಟ್ಟು ಕೆಟ್ಟೆವು. ಅಂಥ ದುಃಖದ ಕೊನೆ ನೋಡಿದವರಿಗೆ ಕುಣಿಯುವ ಮನಸ್ಸು ಎಲ್ಲಿಂದ ಬರಬೇಕು? ನಾವು ಪರದೆ ಸರಿಸಿ ಡೋಲು ಜೋಡಿಸುವಷ್ಟರಲ್ಲಿ ಅರ್ಧ ಜನ ಕೋಟು ಹಾಕಿಕೊಂಡಿದ್ದರು. ಮರುವರ್ಷ ‘ನಡುವೆ ಇಂಟರ್‌ವಲ್ ಕೊಟ್ಟು ನುಡಿಸೋಣ’ ಅಂದೆ. ಮೆಸ್ತ್ರಿ ನನ್ನನ್ನು ನೋಡಿದ ನೋಟಕ್ಕೆ ಮಾತು ಅಲ್ಲಿಗೇ ನಿಂತಿತು. ಕೊನೆಗೆ ಉಲ್ಟಾ ಮಾಡಿದೆವು: ನಲವತ್ತು ನಿಮಿಷ ಸಂಗೀತ, ಹತ್ತು ನಿಮಿಷ ಬಿಡುವು, ಸಿನಿಮಾ.

ಏನು ನುಡಿಸಬಾರದು ಎಂಬ ಚರ್ಚೆಯೇ ಹೆಚ್ಚು ದಿನ ನಡೆಯಿತು. ಆಫ್ರಿಕಾ ಮೂಲದ ಬ್ರೆಜಿಲಿಯನ್ನರ ಧರ್ಮವಾದ ಕಂದೊಂಬ್ಲೆಯ ಪೂಜೆಯಲ್ಲಿ ಅತಬಾಕಿ ಎಂಬ ಡೋಲುಗಳು ಮೂರು: ಹುಮ್, ಹುಂಪಿ, ಲೆ. ಚಿಕ್ಕವೆರಡು ನಡೆ ಹಿಡಿದಿಟ್ಟರೆ ದೊಡ್ಡದಾದ ಹುಮ್ ಮಾತಾಡುತ್ತದೆ, ಒರಿಶಾ, ಅಂದರೆ ಇಯಾನ್ಸಾಳಂಥ ದೇವತೆ, ಮೈಮೇಲೆ ಬಂದವರ ಹೆಜ್ಜೆ ನೋಡಿ ಉತ್ತರ ಕೊಡುತ್ತದೆ. ಅಲ್ಲಿ ದೇವರನ್ನು ಕರೆಯುವ ಬಡಿತವನ್ನು ಟಿಕೆಟ್ ಕೊಂಡವರ ಮುಂದೆ ಬಾರಿಸುವುದಿಲ್ಲ ಅಂತ ಮೆಸ್ತ್ರಿ ಖಡಾಖಂಡಿತವಾಗಿ ಹೇಳಿಬಿಟ್ಟರು. ಭೂತದ ಕೋಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದದ್ದು ಬೀದಿಗೆ ಬಂದ ತಾಳಗಳು: ಸುತ್ತ ನಿಂತು ಕುಣಿಯುವ ಸಾಂಬಾ ದಿ ಹೋದಾ, ಮತ್ತೆ ಇಜೆಶಾ.

ಇಜೆಶಾ ನುಡಿಸುವಾಗ ನನ್ನ ಪೇಚಾಟ ಬೇರೆ. ಆ ತಾಳವನ್ನು ಕಾರ್ನಿವಾಲ್‌ನಲ್ಲಿ ಮೆರೆಸುವ ತಂಡದ ಹೆಸರು ‘ಫಿಲ್ಯೋಸ್ ದಿ ಗಾಂಧಿ’, ಗಾಂಧಿಯ ಮಕ್ಕಳು. ಗಾಂಧಿ ಸತ್ತ ಮರುವರ್ಷ, 1949ರಲ್ಲಿ, ಸಾಲ್ವದೋರ್ ಬಂದರಿನ ಕೂಲಿಗಳು ಕಟ್ಟಿದ್ದು. ಬಿಳಿ ಬಟ್ಟೆ, ತಲೆಗೆ ಬಿಳಿ ಮುಂಡಾಸು. ಮೆಸ್ತ್ರಿ ಇದನ್ನೆಲ್ಲ ಹೇಳಿ ‘ಇಗೋ, ಗಾಂಧಿಯ ಊರಿನವನೇ ಇದ್ದಾನೆ’ ಅಂತ ನನ್ನತ್ತ ಕೈ ತೋರಿಸಿದರು. ನಾನು ದಾವಣಗೆರೆಯವನು ಅಂತ ಹೇಳಲು ಪುರುಸೊತ್ತಿರಲಿಲ್ಲ, ಅಗೊಗೊ ಶುರುವಾಗಬೇಕಿತ್ತು.

ತೊಂದರೆ ಕೊಟ್ಟದ್ದು ಚಳಿ. ಡಿಸೆಂಬರ್‌ನ ಮಳೆಗೆ ಚರ್ಮ ಸಡಿಲಾಗಿ ಹುಮ್ ‘ದಪ್’ ಅನ್ನುತ್ತಿತ್ತು. ಬೆಣೆ ಬಡಿದು ಬಿಗಿದರೂ ಸಾಲಲಿಲ್ಲ. ನಮ್ಮ ಕಡೆ ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸುತ್ತಾರೆ ಅಂದೆ. ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿಲ್ಲವಲ್ಲ, ಹೀಟರ್ ಮುಂದೆ ಡೋಲುಗಳನ್ನು ಸಾಲಾಗಿ ಕೂರಿಸಿದೆವು. ಅರ್ಧ ಗಂಟೆಗೆ ದನಿ ಬಂತು.

ಕ್ರಮ ಬದಲಿಸಿದ್ದಕ್ಕೆ ಫಲ ಸಿಕ್ಕಿದ್ದು ಸಿನಿಮಾದ ನಡುವೆ. ಬೆರಿಂಬಾವ್ ನಮ್ಮಲ್ಲಿ ಹೆಚ್ಚಿನವರು ಕಂಡಿರದ ವಾದ್ಯ. ಬಿಲ್ಲಿಗೆ ಒಂದೇ ತಂತಿ, ಕೆಳಗೆ ಬುರುಡೆ. ಬುರುಡೆಯ ಬಾಯನ್ನು ಹೊಟ್ಟೆಗೆ ಒತ್ತಿದರೆ ದನಿ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಅದನ್ನು ಎದುರಿಗೇ ಕೇಳಿದ್ದ ಜನ, ಪರದೆಯ ಮೇಲೆ ಕಪೊಯೆರಾ (ಕುಣಿತದಂಥ ಕಾಳಗ) ಆಡುವವರು ಮೆಟ್ಟಿಲ ಬಳಿ ಸೇರಿ ಅದು ಮೊಳಗಿದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹಿಂದಿನ ವರ್ಷ ಅದೇ ದೃಶ್ಯದಲ್ಲಿ ಮೊಬೈಲ್ ಬೆಳಕು ಕಂಡಿದ್ದೆ.

ಚಿತ್ರ ಮುಗಿದ ಮೇಲೆ ಏನೂ ನುಡಿಸಲಿಲ್ಲ. ಲೈಟು ಕೂಡ ತಡವಾಗಿ ಹಾಕಿದೆವು. ನನ್ನ ಕರೆಗೆ ಬಂದಿದ್ದ ಹುಬ್ಬಳ್ಳಿಯ ಗೆಳೆಯ ಹೊರಗೆ ಬಂದವನೇ, ‘ನಮ್ಮೂರಾಗ ಎಮ್ಮಿ ಸಲುವಾಗಿ ಹರಕಿ ಹೊತ್ರ ಯಾರೂ ಬಾಗಲಾ ಹಾಕೂದಿಲ್ಲ ಬಿಡಪಾ’ ಅಂದ. ಹೊತ್ತವನು ಯಾರು ಅನ್ನುವುದರ ಮೇಲೆ ಹೋಗುತ್ತದೆ ಅಂದೆ. ಅವನು ಸುಮ್ಮನಾದ. ಅಷ್ಟರಲ್ಲಿ ಮೆಸ್ತ್ರಿ ಕೂಗಿದರು. ಹುಮ್ ಇಳಿಸಲು ಎರಡು ಜನ ಬೇಕು, ಲಿಫ್ಟ್ ಇಲ್ಲ.