ಹಾಸ್ಟೆಲ್ ಬೇಡ, ಊರಲ್ಲೇ ಜಾಗ ಬೇಕು

ಸೋಮವಾರಪೇಟೆ ಕಡೆಯ ಊರುಗಳಲ್ಲಿ ಬುದ್ಧಿಮಾಂದ್ಯ ಮಕ್ಕಳಿರುವ ಮನೆಗಳಿಗೆ ಹೋಗುವುದು ನನ್ನ ಕೆಲಸ. ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅಮ್ಮಂದಿರು ಕೇಳುವುದು ಒಂದೇ ಮಾತು: "ನಾನು ಹೋದ್ಮೇಲೆ ಇವನನ್ನ ಯಾರು ನೋಡ್ತಾರೆ ಮೇಡಂ? ಸರ್ಕಾರದ ಹಾಸ್ಟೆಲ್ ಇದ್ರೆ ಸೇರಿಸಿಬಿಡಿ."

ಅವರ ಭಯ ಸುಳ್ಳಲ್ಲ. ಆದರೂ ನಾನು ಆ ದಾರಿ ತೋರಿಸುವುದಿಲ್ಲ. ಅಮೆರಿಕದಲ್ಲಿ ಅದನ್ನು ಮಾಡಿ ನೋಡಿ ಆಗಿದೆ. 1967ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಗಳಲ್ಲಿ ಇಂಥವರು 1.9 ಲಕ್ಷಕ್ಕೂ ಜಾಸ್ತಿ ಇದ್ದರು. ನ್ಯೂಯಾರ್ಕಿನ ವಿಲ್ಲೋಬ್ರೂಕ್ ಅನ್ನುವ ಅಂಥ ಒಂದು ಸಂಸ್ಥೆಯಲ್ಲಿ ಸುಮಾರು 4,000 ಜನರ ಜಾಗಕ್ಕೆ 6,000 ಜನರನ್ನು ತುಂಬಿದ್ದರು. ಬಟ್ಟೆಯಿಲ್ಲದೆ ಗಲೀಜಿನಲ್ಲಿ ಕೂತ ಮಕ್ಕಳನ್ನು 1972ರಲ್ಲಿ ಟಿವಿ ತೋರಿಸಿತು. ಪೋಷಕರು ಕೋರ್ಟಿಗೆ ಹೋದರು. 1987ರಲ್ಲಿ ಅದಕ್ಕೆ ಬೀಗ ಬಿತ್ತು. ಬರೀ ಸಿಟ್ಟಿನಿಂದ ಇದು ಆಗಲಿಲ್ಲ. 1981ರಿಂದ ಸರ್ಕಾರದ ಆರೈಕೆ ದುಡ್ಡು ಮನೆಯಲ್ಲಿರುವವರಿಗೂ ಸಿಗತೊಡಗಿತು. ನಮಗೆ ಬೇಕಾದ ಪಾಠ ಅಲ್ಲಿದೆ.

ಡೌನ್ ಸಿಂಡ್ರೋಮ್ ಇರುವ ಒಬ್ಬ ಹುಡುಗ ಅಮ್ಮನ ಜೊತೆ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ. ದಿನವಿಡೀ ಸುಮ್ನೆ ಕೂತಿರುತ್ತಿದ್ದ. ಅರೇಬಿಕಾ ಕಾಫಿ ಕೊಯ್ಲು ಶುರುವಾದಾಗ ಅವನ ಎಡಗೈಗೆ ಕೆಂಪು ಬಟ್ಟೆಯ ಚೂರು ಕಟ್ಟಿದೆವು. ಆ ಬಣ್ಣದ ಹಣ್ಣು ಮಾತ್ರ ಕೀಳಬೇಕು, ಅಷ್ಟೇ ಪಾಠ. ಮೊದಮೊದಲು ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತಿತ್ತು. ಪಕ್ಕದ ಸಾಲಿನ ಚಿಕ್ಕಮ್ಮ ಬೈಯುತ್ತಿರಲಿಲ್ಲ. ಕಾಯಿಯನ್ನು ಬಟ್ಟೆಯ ಪಕ್ಕ ಹಿಡಿದು, "ಒಂದೇ ಥರ ಇದೆಯಾ ಮಗಾ?" ಅನ್ನುತ್ತಿದ್ದರು. ಅವನು ತಲೆ ಅಲ್ಲಾಡಿಸಿ ನಗುತ್ತಿದ್ದ. ಕೊಯ್ಲು ಮುಗಿಯುವ ಹೊತ್ತಿಗೆ ಬಟ್ಟೆ ನೋಡದೆ ಕೀಳುತ್ತಿದ್ದ. ನಾನು ಕಲಿಸಿದ್ದಕ್ಕಿಂತ ಆ ಚಿಕ್ಕಮ್ಮ ಕಲಿಸಿದ್ದೇ ಜಾಸ್ತಿ. ಕೂಲಿಯನ್ನು ಅವನ ಕೈಗೇ ಕೊಡಿ ಅಂತ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಟ ಹಿಡಿದೆ. ದುಡಿದವನಿಗೇ ದುಡ್ಡು ಸೇರಬೇಕು ಅಲ್ವಾ?

ಕಾಗದದ ಕೆಲಸವನ್ನೂ ಜೊತೆಜೊತೆಗೇ ಮಾಡಿದೆವು. ಬುದ್ಧಿಮಾಂದ್ಯತೆಯಂಥ ತೊಂದರೆ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ 18 ದಾಟಿದವರಿಗೂ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಡಿಸಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಸಿಗುತ್ತದೆ. ಅಮ್ಮ ಗಟ್ಟಿಯಾಗಿರುವಾಗಲೇ ಇದನ್ನೆಲ್ಲ ಮುಗಿಸಿಕೊಳ್ಳಿ.

ಒಂದು ಕೊರತೆ ಹಾಗೇ ಉಳಿದಿದೆ. ಆ ಅಮ್ಮ ಜ್ವರ ಬಂದು ಆಸ್ಪತ್ರೆ ಸೇರಿದಾಗ ಅವನನ್ನು ನಾಲ್ಕು ದಿನ ನೋಡಿಕೊಳ್ಳುವ ಜಾಗ ಹತ್ತಿರದಲ್ಲಿ ಸಿಗಲಿಲ್ಲ. ಎಲ್ಲರೊಂದಿಗೆ ಊರಲ್ಲೇ ಬಾಳುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಕೊಟ್ಟಿದೆ. ಹಾಗಾದರೆ ತಾಲೂಕಿಗೊಂದು ನಾಲ್ಕು ಹಾಸಿಗೆಯ ಮನೆಯಾದರೂ ಬೇಕು. ಗ್ರಾಮಸಭೆಯಲ್ಲಿ ಅದನ್ನೇ ಕೇಳುತ್ತಿದ್ದೇವೆ. ನೀವೂ ನಿಮ್ಮ ಊರಲ್ಲಿ ಕೇಳಿ.