ಫಂಗಸ್ ಮಾತ್ರೆಯೂ ಗ್ಯಾಸಿನ ಗುಳಿಗಿಯೂ

ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗೆ ಫಂಗಸ್ ಮಾತ್ರೆ ಕೀಟೋಕೊನಜೋಲಿನ ಚೀಟಿ ಬರೆದ ದಿನ ಔಷಧಿ ಅಂಗಡಿಯಿಂದ ಫೋನ್ ಬರುವುದು ವಾಡಿಕೆಯಾಗಿತ್ತು. "ಸರ್, ಇದು ಗಜಕರ್ಣಕ್ಕೆ ಕೊಡೋದಲ್ವಾ, ಅದೂ ದಿನಕ್ಕೆ ಆರಾ?" ಹೌದು, ಆರೇ: 200 ಮಿ.ಗ್ರಾಂ. ಮಾತ್ರೆ, ಎರಡೆರಡರಂತೆ ಮೂರು ಹೊತ್ತು.

ಈ ಕ್ಯಾನ್ಸರಿಗೆಂದೇ ಬಂದ ಅಬಿರಾಟೆರೋನ್ ಮಾತ್ರೆ ನಮ್ಮ ಕಡೆಯವರ ಕೈಗೆಟುಕುವ ಮೊದಲಿನ ಮಾತಿದು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿ, ಆಪರೇಷನ್ನಿನಲ್ಲಿ ವೃಷಣ ತೆಗೆದ ಮೇಲೂ ರಕ್ತದಲ್ಲಿ ಆ ಕ್ಯಾನ್ಸರಿನ ಗುರುತಾದ ಪಿಎಸ್ಎ ಏರತೊಡಗಿದರೆ ಉಳಿದ ದಾರಿಗಳು ಕಡಿಮೆ. ವೃಷಣ ಹೋದರೂ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಈ ಕ್ಯಾನ್ಸರನ್ನು ಬೆಳೆಸುವ ಪುರುಷ ಹಾರ್ಮೋನನ್ನು ಅಷ್ಟಿಷ್ಟು ತಯಾರಿಸುತ್ತಲೇ ಇರುತ್ತವೆ. ಫಂಗಸ್‌ಗೆಂದು ಈ ಮಾತ್ರೆ ನುಂಗಿದ ಕೆಲವು ಗಂಡಸರಿಗೆ ಸ್ತನ ಊದಿಕೊಂಡದ್ದು 1980ರ ದಶಕದ ಆರಂಭದಲ್ಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ಪುರುಷ ಹಾರ್ಮೋನ್ ಟೆಸ್ಟೋಸ್ಟೆರೋನಿನ ತಯಾರಿಗೆ ಬೇಕಾದ ಕಿಣ್ವವನ್ನೇ ಅದು ತಡೆಯುತ್ತಿತ್ತು. ಆ ಅಡ್ಡಪರಿಣಾಮವೇ ನಮಗೆ ಬೇಕಾಗಿದ್ದದ್ದು.

ಆದರೆ ಅದು ದೇಹಕ್ಕೆ ಬೇಕೇಬೇಕಾದ ಕಾರ್ಟಿಸಾಲ್ ಹಾರ್ಮೋನನ್ನೂ ತಗ್ಗಿಸುತ್ತದೆ. ಹಾಗಾಗಿ ಜೊತೆಗೆ ಹೈಡ್ರೋಕಾರ್ಟಿಸೋನ್, ಬೆಳಿಗ್ಗೆ 20, ಸಂಜೆ 10 ಮಿ.ಗ್ರಾಂ. ಅದನ್ನು ತಟಕ್ಕನೆ ಬಿಡಬಾರದೆಂದು ಮನೆಯವರಿಗೂ ಹೇಳಿ ಕಳಿಸುತ್ತಿದ್ದೆ. ಲಿವರ್ ಪರೀಕ್ಷೆ ಮೊದಲೊಮ್ಮೆ, ಆಮೇಲೆ ಮತ್ತೆ ಮತ್ತೆ.

ನಿಜವಾದ ಕೆಲಸವಿದ್ದದ್ದು ಪ್ಲಾಸ್ಟಿಕ್ ಚೀಲದಲ್ಲಿ. ರೋಗಿ ನುಂಗುವ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಸುತ್ತಿದ್ದೆ.

"ಇದ್ಯಾತಕ್ಕ ಅಜ್ಜಾರ?"

"ಅದು ಗ್ಯಾಸಿನ ಗುಳಿಗಿರಿ ಸಾಹೇಬ್ರ. ಅದಿಲ್ದ ಊಟ ಸೇರೂದಿಲ್ರಿ."

ಹೊಟ್ಟೆಯಲ್ಲಿ ಆಮ್ಲ ಇಲ್ಲದಿದ್ದರೆ ಕೀಟೋಕೊನಜೋಲ್ ಕರಗುವುದೇ ಇಲ್ಲ. ಆಮ್ಲ ತಗ್ಗಿಸುವ ಈ ಗ್ಯಾಸಿನ ಗುಳಿಗಿ, ಅಂದರೆ ಪಾಂಟೊಪ್ರಜೋಲ್, ನುಂಗಿ ಇದನ್ನೂ ನುಂಗಿದರೆ ನೀರಲ್ಲಿ ಹೋಮ. ಆ ಗುಳಿಗಿ ಸ್ಟ್ರಿಪ್ಪನ್ನು ಪಕ್ಕಕ್ಕೆ ಸರಿಸಿದಾಗ ಅಜ್ಜನವರ ಮುಖ, ಊಟವನ್ನೇ ಬಿಡಿಸಿದೆನೇನೋ ಎಂಬಂತಿರುತ್ತಿತ್ತು. ಕೊಲೆಸ್ಟರಾಲ್ ಮಾತ್ರೆಯ ಕಥೆ ಇದಕ್ಕೆ ತಿರುಗುಮುರುಗು: ಕೀಟೋಕೊನಜೋಲ್ ಜೊತೆಗಿದ್ದರೆ ಸಿಮ್ವಾಸ್ಟಾಟಿನ್ ರಕ್ತದಲ್ಲಿ ಏರಿ ಸ್ನಾಯುಗಳನ್ನು ಹಾಳುಮಾಡಬಲ್ಲದು. ಅದೂ ಪಕ್ಕಕ್ಕೆ.

ಫಲ? ಕೆಲವರಿಗೆ ಪಿಎಸ್ಎ ಇಳಿದು ಸೊಂಟದ ನೋವು ತಗ್ಗಿತು. ಕೆಲವರು ವಾಕರಿಕೆ ತಾಳದೆ ತಾವೇ ಬಿಟ್ಟರು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಅಂಕಿಗಳನ್ನು ನಾನು ಎಂದೂ ಮುಚ್ಚಿಡಲಿಲ್ಲ. ಹಳೆಯ ಹಾರ್ಮೋನ್ ತಡೆ ಮಾತ್ರೆ ನಿಲ್ಲಿಸಿದ್ದಷ್ಟೇ ಆದವರಲ್ಲಿ ಪಿಎಸ್ಎ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ತಗ್ಗಿದ್ದು ಶೇ. 11 ಮಂದಿಗೆ, ಕೀಟೋಕೊನಜೋಲನ್ನೂ ಸೇರಿಸಿದವರಲ್ಲಿ ಶೇ. 27. ಬದುಕಿದ ಅವಧಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಅದೇ ಕಿಣ್ವವನ್ನು ಗುರಿಯಿಟ್ಟು ತಡೆಯುವ ಅಬಿರಾಟೆರೋನಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಯಸ್ಸನ್ನೂ ಹೆಚ್ಚಿಸುತ್ತದೆ. ಜೆನೆರಿಕ್ ಬಂದು ಬೆಲೆ ಇಳಿದ ಮೇಲೆ ಕೀಟೋಕೊನಜೋಲ್ ಬರೆಯುವುದನ್ನು ನಾನು ಬಿಟ್ಟೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲಿವರ್ ಹಾನಿಯ ಕಾರಣಕ್ಕೆ ಅದರ ಬಳಕೆಗೆ ಮಿತಿ ಹಾಕಿತ್ತು ಕೂಡ.

ಈಗ ರೋಗಿಗಳ ಮಕ್ಕಳು ಮೊಬೈಲ್ ತೋರಿಸಿ ಇನ್ನೊಂದು ಫಂಗಸ್ ಮಾತ್ರೆ ಇಟ್ರಾಕೊನಜೋಲ್ ಕೇಳುತ್ತಾರೆ. ಅದರ ದೊಡ್ಡ ಡೋಸಿನಲ್ಲಿ ಸಣ್ಣ ಪ್ರಯೋಗವೊಂದು ನಡೆದದ್ದು ಹೌದು. ಆದರೆ ಅದರಿಂದ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಕಾಲು ಊದುತ್ತದೆ, ಹೃದಯ ಸೋತವರಿಗಂತೂ ಕೊಡುವಂತಿಲ್ಲ. ಅಷ್ಟು ಹೇಳಿ, ಅಬಿರಾಟೆರೋನನ್ನು ಖಾಲಿ ಹೊಟ್ಟೆಯಲ್ಲೇ ಕೊಡುತ್ತಿದ್ದೀರಾ ಎಂದು ಕೇಳುತ್ತೇನೆ.